ಅಕ್ಕಿ ಚೀಲದಲ್ಲಿ ಲಾವಂಚ: ನೆಡುವುದರಿಂದ ಮಡಕೆ ನೀರಿನವರೆಗೆ

ಮಜ್ಜಿಗೆ ಹುಲ್ಲಿನ (ಲೆಮನ್ ಗ್ರಾಸ್) ಎಲೆ ಸವರಿದರೆ ಸಾಕು, ಕೈಯೆಲ್ಲ ನಿಂಬೆ ಘಮ. ಲಾವಂಚವೂ ಒಂದು ಹುಲ್ಲೇ, ಆದರೆ ಅದರ ಎಲೆಯನ್ನು ಎಷ್ಟು ಹಿಸುಕಿದರೂ ಆ ಥರದ ಘಮ ಬರುವುದಿಲ್ಲ. ಅದರ ಪರಿಮಳ ಇರುವುದು ಬೇರಿನಲ್ಲಿ. ‘ವೆಟಿವರ್’ ಎಂಬ ಇಂಗ್ಲಿಷ್ ಹೆಸರು ತಮಿಳಿನಿಂದ ಹೋದದ್ದು; ಅದರಲ್ಲಿರುವ ‘ವೇರ್’ ನಮ್ಮ ಬೇರೇ.

ಈ ಬೇರು ನೆಲದೊಳಗೆ 3 ಮೀಟರ್‌ವರೆಗೂ ನೇರ ಇಳಿಯಬಲ್ಲದು. ಮೊದಲ ಸಲ ನಾನು ಹಿತ್ತಲಲ್ಲಿ ನೆಟ್ಟು ಗುದ್ದಲಿಯಿಂದ ಅಗೆದಾಗ ಅರ್ಧಕ್ಕರ್ಧ ಬೇರು ಮಣ್ಣಲ್ಲೇ ತುಂಡಾಗಿ ಉಳಿಯಿತು. ಹೊಟ್ಟೆ ಉರಿದುಹೋಯಿತು. ಆಮೇಲಿಂದ ಚೀಲದಲ್ಲೇ ಬೆಳೆಸುತ್ತಿದ್ದೇನೆ. ತಾರಸಿ ಇದ್ದವರಿಗೂ ಇದೇ ಸುಲಭ.

ಚೀಲ ಮತ್ತು ಮಣ್ಣು

25 ಕೆ.ಜಿ. ಅಕ್ಕಿಯ ಪ್ಲಾಸ್ಟಿಕ್ ಚೀಲ ಸಾಕು. ತಳದಲ್ಲಿ ನಾಲ್ಕೈದು ತೂತು ಮಾಡಿ. ಎರಡು ಪಾಲು ಮರಳು, ಒಂದು ಪಾಲು ಮಣ್ಣು, ಒಂದು ಪಾಲು ಹಳೆಯ ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಿ. ಮರಳು ಜಾಸ್ತಿ ಇದ್ದಷ್ಟೂ ಬೇರು ಸಲೀಸಾಗಿ ಇಳಿಯುತ್ತದೆ, ಕೊನೆಗೆ ತೊಳೆಯುವುದೂ ಸುಲಭ. ಜೇಡಿಮಣ್ಣು ಬೇಡವೇ ಬೇಡ.

ನೆಡುವುದು

ಬೀಜ ಹುಡುಕಬೇಡಿ. ಬೆಳೆದ ಬುಡದಿಂದ ಎರಡು ಮೂರು ತೆಂಡೆ (ಬುಡದಲ್ಲಿ ಒಡೆದ ಮರಿಗಿಡ) ಬಿಡಿಸಿಕೊಳ್ಳಿ. ಎಲೆಯನ್ನು ಒಂದು ಗೇಣಿಗೆ, ಬೇರನ್ನು ಎರಡು ಬೆರಳಷ್ಟಕ್ಕೆ ಕತ್ತರಿಸಿ. ಜೂನ್ ಮಳೆ ಹಿಡಿದ ಮೇಲೆ ನೆಡಿ. ಚೆನ್ನಾಗಿ ಬಿಸಿಲು ಬೀಳುವ ಜಾಗದಲ್ಲಿಡಿ; ನೆರಳಲ್ಲಿ ಇದು ಸೊರಗುತ್ತದೆ. ಬೇರೂರುವ ತನಕ ಮಣ್ಣು ಒಣಗದಂತೆ ನೋಡಿಕೊಳ್ಳಿ, ಆಮೇಲೆ ವಾರಕ್ಕೆರಡು ಸಲ ನೀರು ಸಾಕು. ಎಲೆ ತೀರಾ ಎತ್ತರವಾದಾಗ ಸವರಿ, ಗಿಡದ ಬುಡಕ್ಕೇ ಮುಚ್ಚಿಗೆ ಹಾಕಿ.

ಬೇರು ತೆಗೆಯುವುದು

ಇಲ್ಲಿ ತಾಳ್ಮೆ ಬೇಕು. 15ರಿಂದ 18 ತಿಂಗಳು ಕಾಯಲೇಬೇಕು. ಬೇಗ ಕಿತ್ತರೆ ಬೇರು ಬೆಳ್ಳಗೆ, ತೆಳ್ಳಗೆ ಇರುತ್ತದೆ, ಘಮ ಸಾಲದು. ಮಳೆ ನಿಂತ ಮೇಲೆ, ಡಿಸೆಂಬರ್ ಹೊತ್ತಿಗೆ, ಚೀಲವನ್ನು ಉದ್ದಕ್ಕೆ ಸೀಳಿ. ಮಣ್ಣು ಹಾಗೇ ನಿಂತಿರುತ್ತದೆ. ಪೈಪಿನ ನೀರು ಬಿಟ್ಟಾಗ ಮರಳು ಜಾರಿ, ಒಳಗಿನಿಂದ ಕಂದು ಬಣ್ಣದ ಜಡೆಯೊಂದು ಹೊರಬರುತ್ತದೆ. ಮೊದಲ ಮಳೆಗೆ ನೆಲದಿಂದ ಏಳುವ ವಾಸನೆಗೆ ಹತ್ತಿರದ ಘಮ ಅಂಗಳ ತುಂಬುತ್ತದೆ. ಆ ಒಂದು ಗಳಿಗೆಗಾಗಿಯೇ ಒಂದೂವರೆ ವರ್ಷ ಕಾಯಬಹುದು.

ಬೇರನ್ನು ಕತ್ತರಿಸಿ, ಮಣ್ಣಿನ ಕಣವೂ ಉಳಿಯದಂತೆ ತೊಳೆದು, ನೆರಳಲ್ಲಿ ಒಣಗಿಸಿ. ಸುಡುಬಿಸಿಲಿಗೆ ಹಾಕಿದರೆ ಎಣ್ಣೆಯ ಅಂಶ ಹಾರಿಹೋಗುತ್ತದೆ. ಉಳಿದ ಬುಡವನ್ನು ತೆಂಡೆ ಬಿಡಿಸಿ ಮತ್ತೆ ನೆಡಿ.

ಬಳಸುವುದು

ಒಂದು ಸಣ್ಣ ಹಿಡಿ ಬೇರನ್ನು ನೂಲಿನಿಂದ ಕಟ್ಟಿ, ಕುದಿಸಿ ಆರಿಸಿದ ನೀರಿನ ಮಡಕೆಯಲ್ಲಿ ರಾತ್ರಿ ಹಾಕಿಡಿ. ಬೆಳಿಗ್ಗೆ ನೀರು ತಣ್ಣಗೆ, ಪರಿಮಳವಾಗಿ ಇರುತ್ತದೆ. ಎರಡು ದಿನಕ್ಕೊಮ್ಮೆ ಬೇರನ್ನು ತೆಗೆದು ತೊಳೆದು ಒಣಗಿಸಿದರೆ ಮತ್ತೆ ಮೂರು ನಾಲ್ಕು ಸಲ ಬಳಸಬಹುದು.

ಒಂದು ಎಚ್ಚರಿಕೆ ಮಾತ್ರ ಮರೆಯಬೇಡಿ. ಲಾವಂಚದ ಬೇರು ಮಣ್ಣಿನಲ್ಲಿರುವ ಸೀಸದಂಥ ವಿಷಲೋಹಗಳನ್ನು ಹೀರಿಕೊಳ್ಳುತ್ತದೆ. ಕೊಳಚೆ ನೀರು ಶುದ್ಧಮಾಡಲು ಇದನ್ನು ಬೆಳೆಸುವುದೂ ಉಂಟು. ಹಾಗಾಗಿ ಚರಂಡಿ, ಕಾರ್ಖಾನೆ, ಹೆದ್ದಾರಿ ಪಕ್ಕದ ಬೇರನ್ನು ಕುಡಿಯುವ ನೀರಿಗೆ ಹಾಕಲೇಬೇಡಿ. ಅಂಗಡಿಯಲ್ಲಿ ಕೊಳ್ಳುವಾಗ ಒಂದೆಳೆ ಒದ್ದೆ ಮಾಡಿ ಮೂಸಿ ನೋಡಿ. ಎಣ್ಣೆ ತೆಗೆದ ಬೇರಾದರೆ ಬರೀ ಹುಲ್ಲಿನ ವಾಸನೆ.

ನೀರಿಗೆ ಹಾಕಿ ಘಮ ಇಳಿದ ಬೇರನ್ನು ಎಸೆಯಬೇಡಿ. ಉಂಡೆ ಸುತ್ತಿ ಕಟ್ಟಿದರೆ ಮೈ ಉಜ್ಜಲು ಒಳ್ಳೆಯದು. ಹೊಸ ಬೇರು ಮಿಕ್ಕಿದ್ದರೆ ರೇಷ್ಮೆ ಸೀರೆಗಳ ನಡುವೆ ಇಡಿ. ನಮ್ಮ ಅಮ್ಮ ಅದನ್ನು ಹಳೇ ಹತ್ತಿ ಬಟ್ಟೆಯಲ್ಲಿ ಸುತ್ತಿಯೇ ಇಡುತ್ತಾರೆ, ಎಳೆ ಜರಿಗೆ ಸಿಕ್ಕಿಕೊಳ್ಳಬಾರದಲ್ವಾ?