ಕೀವು ಕಣ ಎಣಿಸುತ್ತ ಕಲಿತದ್ದು

ಕಲಬುರಗಿಯ ಒಂದು ಪ್ರಯೋಗಾಲಯದಲ್ಲಿ ಸೂಕ್ಷ್ಮಜೀವಿ ತಜ್ಞನಾಗಿರುವ ನನ್ನ ಮೇಜಿಗೆ ದಿನವೂ ಕಫದ ಡಬ್ಬಿಗಳು ಬರುತ್ತವೆ. ಮೊದಲ ಕೆಲವು ವರ್ಷ ನನ್ನ ವರದಿಯಲ್ಲಿ ಇರುತ್ತಿದ್ದದ್ದು ಎರಡೇ ಸಂಗತಿ: ಕೀವು ಕಣಗಳು ಎಷ್ಟು, ಬ್ಯಾಕ್ಟೀರಿಯಾ ಯಾವ ಬಗೆಯದು. ಆ ಕಣಗಳನ್ನು ಶ್ವಾಸಕೋಶಕ್ಕೆ ಕರೆದವರು ಯಾರು ಎಂಬ ಪ್ರಶ್ನೆಯನ್ನು ನಾನು ಕೇಳಿಕೊಂಡದ್ದು, ನನ್ನದೇ ಕೈಯಿಂದ ಒಂದು ತಪ್ಪು ನಡೆದ ಮೇಲೆ.

ಹತ್ತು ಪಟ್ಟಿನ ಲೆನ್ಸಿನಲ್ಲಿ ನೋಡಿದಾಗ ಒಂದು ಕ್ಷೇತ್ರದಲ್ಲಿ ಬಾಯಿಯ ಚಪ್ಪಟೆ ಕೋಶಗಳು 10ಕ್ಕಿಂತ ಕಡಿಮೆಯೂ ಕೀವು ಕಣಗಳು, ಅಂದರೆ ಸೋಂಕಿನೊಡನೆ ಹೋರಾಡುವ ಬಿಳಿ ರಕ್ತಕಣಗಳಾದ ನ್ಯೂಟ್ರೋಫಿಲ್‌ಗಳು, 25ಕ್ಕಿಂತ ಹೆಚ್ಚೂ ಇದ್ದರೆ ಅದು ಒಳ್ಳೆಯ ಕಫ ಎಂದು ನಾವು ಎಣಿಸುತ್ತೇವೆ. ಒಂದು ಬೇಸಿಗೆಯಲ್ಲಿ ಬಂದ ಸ್ಯಾಂಪಲ್ಲಿನಲ್ಲಿ ಕೀವು ಕಣಗಳೇ ಇರಲಿಲ್ಲವಾದ್ದರಿಂದ ಅದನ್ನು ಉಗುಳೆಂದು ವಾಪಸು ಕಳಿಸಿದೆ. ಮರುದಿನ ರೋಗಿಯ ಮಗ ಮತ್ತೊಂದು ಡಬ್ಬಿ ಹಿಡಿದು ಬಂದು, "ಸರ, ರಾತ್ರಿಯೆಲ್ಲ ಕೆಮ್ಮಿ ತೆಗದಾರ್ರಿ, ಇದು ಉಗುಳಲ್ರಿ" ಎಂದ. ಎಣ್ಣೆ ಲೆನ್ಸಿನಡಿ ನೋಡಿದರೆ ಜೋಡಿ ಜೋಡಿಯಾಗಿ ನೇರಳೆ ಬಣ್ಣದ ದುಂಡು ಬ್ಯಾಕ್ಟೀರಿಯಾ ತುಂಬಿದ್ದವು, ನ್ಯೂಟ್ರೋಫಿಲ್ ಮಾತ್ರ ಹುಡುಕಿದರೂ ಸಿಗಲಿಲ್ಲ. ವಾರ್ಡಿಗೆ ಫೋನ್ ಮಾಡಿದಾಗ ತಿಳಿಯಿತು: ಅವರು ಕ್ಯಾನ್ಸರಿಗೆ ಕೀಮೋ ಪಡೆಯುತ್ತಿದ್ದರು, ರಕ್ತದಲ್ಲೇ ನ್ಯೂಟ್ರೋಫಿಲ್ ಬಹಳ ಇಳಿದಿತ್ತು. ಕರೆ ಹೋಗಿತ್ತು, ಬರಬೇಕಾದವರು ಅಸ್ಥಿಮಜ್ಜೆಯಲ್ಲೇ ತಯಾರಾಗಿರಲಿಲ್ಲ.

ಅಂದಿನಿಂದ ನಾನು ಸ್ಲೈಡನ್ನು ಬೇರೆ ರೀತಿಯಲ್ಲಿ ಓದತೊಡಗಿದೆ. ಶ್ವಾಸಕೋಶದ ಗಾಳಿಗೂಡುಗಳಲ್ಲಿ ಸದಾ ನೆಲೆಸಿರುವ ಕಾವಲುಗಾರ ಮ್ಯಾಕ್ರೋಫೇಜ್ ಎಂಬ ದೊಡ್ಡ ಕೋಶ. ಬೆರಳೆಣಿಕೆಯ ಬ್ಯಾಕ್ಟೀರಿಯಾ ಒಳಬಂದರೆ ಅದು ಸದ್ದಿಲ್ಲದೆ ನುಂಗಿ ಮುಗಿಸುತ್ತದೆ; ಉರಿಯೂತ ಎದ್ದು ಗಾಳಿಗೂಡಿನಲ್ಲಿ ದ್ರವ ತುಂಬಿದರೆ ಉಸಿರಾಟಕ್ಕೇ ಸಂಚಕಾರ ಬರುವುದರಿಂದ ಈ ಸಂಯಮ ಅಗತ್ಯ. ತನ್ನ ಕೈಮೀರಿದಾಗ ಮಾತ್ರ ಟಿಎನ್‌ಎಫ್, ಇಂಟರ್‌ಲ್ಯೂಕಿನ್-1 ಎಂಬ ಸಂದೇಶಗಳನ್ನು ಬಿಡುತ್ತದೆ, ಅವುಗಳಿಂದ ಎಚ್ಚೆತ್ತ ಗಾಳಿಗೂಡಿನ ಒಳಪದರದ ಕೋಶಗಳೂ ಸೇರಿ ಇಂಟರ್‌ಲ್ಯೂಕಿನ್-8 ಸುರಿಸುತ್ತವೆ, ಅದರ ಜಾಡು ಹಿಡಿದು ನ್ಯೂಟ್ರೋಫಿಲ್‌ಗಳು ರಕ್ತನಾಳದಿಂದ ನುಸುಳಿ ಬರುತ್ತವೆ. ಬೇಡಿಕೆ ಹೆಚ್ಚಿದಾಗ ಮಜ್ಜೆಯು ಎಳೆಯ ಕಣಗಳನ್ನೂ ಹೊರಗೆ ಕಳಿಸುವುದರಿಂದ, ಮಜ್ಜೆ ಸರಿಯಿರುವ ರೋಗಿಯ ರಕ್ತದ ಸ್ಲೈಡಿನಲ್ಲಿ ಇನ್ನೂ ಹಾಲೆಗಳಾಗಿ ಒಡೆಯದ, ಬಾಗಿದ ಪಟ್ಟಿಯಂಥ ಕೋಶಕೇಂದ್ರಗಳು ಕಾಣುತ್ತವೆ.

ಬಂದ ನ್ಯೂಟ್ರೋಫಿಲ್‌ಗಳಿಗೂ ಎಲ್ಲ ಸುಲಭವಲ್ಲ. ನ್ಯುಮೋನಿಯಾ ತರುವ ನ್ಯುಮೋಕಾಕಸ್ ಬ್ಯಾಕ್ಟೀರಿಯಾದ ಸುತ್ತ ಜಾರುವ ಸಕ್ಕರೆಯ ಕವಚವಿದ್ದು, ಪ್ರತಿಕಾಯ ಮತ್ತು ರಕ್ತದಲ್ಲಿರುವ ಕಾಂಪ್ಲಿಮೆಂಟ್ ಎಂಬ ರಕ್ಷಣಾ ಪ್ರೋಟೀನುಗಳು ಅದಕ್ಕೆ ಅಂಟಿಕೊಂಡ ಮೇಲೆಯೇ ನುಂಗಲು ಹಿಡಿತ ಸಿಗುತ್ತದೆ. ಆದ್ದರಿಂದ ಬ್ಯಾಕ್ಟೀರಿಯಾ ಕೋಶದ ಒಳಗಿವೆಯೋ ಹೊರಗೇ ತೇಲುತ್ತಿವೆಯೋ ಎಂದು ಈಗ ತಪ್ಪದೆ ಬರೆಯುತ್ತೇನೆ. ಕೆಲವು ನ್ಯೂಟ್ರೋಫಿಲ್‌ಗಳು ತಮ್ಮ ಡಿಎನ್‌ಎಯನ್ನೇ ಬಲೆಯಾಗಿ ಬೀಸುತ್ತವೆಂದು 2004ರಲ್ಲಿ ವರದಿಯಾಯಿತು. ಆ ಬಲೆ ಬ್ಯಾಕ್ಟೀರಿಯಾವನ್ನು ಹಿಡಿಯುವಂತೆ ನಮ್ಮ ಅಂಗಾಂಶವನ್ನೂ ಗಾಸಿಗೊಳಿಸಬಲ್ಲದು. ಕೆಲಸ ಮುಗಿಸಿ ಸಾಯುವ ನ್ಯೂಟ್ರೋಫಿಲ್‌ಗಳನ್ನು ನುಂಗಿ ಗೂಡನ್ನು ಶುಚಿಗೊಳಿಸುವುದು ಮತ್ತೆ ಮ್ಯಾಕ್ರೋಫೇಜಿನ ಪಾಲಿಗೆ ಬರುತ್ತದೆ, ಹಾಗೆ ನುಂಗಿದ ಮೇಲೆ ಅದೇ ಕೋಶ ಉರಿಯೂತವನ್ನು ತಣಿಸುವ ಸಂದೇಶ ಕಳಿಸುತ್ತದೆ. ಗುಣಮುಖರಾಗುತ್ತಿರುವವರ ಕಫದಲ್ಲಿ, ಹೊಟ್ಟೆ ತುಂಬಿದ ಈ ದೊಡ್ಡ ಕೋಶಗಳನ್ನು ಕಂಡಾಗ ನನಗೆ ಸಮಾಧಾನವಾಗುತ್ತದೆ.

ನಮ್ಮ ಭಾಗದ್ದೇ ಒಂದು ಮಾತು ಹೇಳಬೇಕು. ಕಟ್ಟಿಗೆ ಒಲೆಯ ಮುಂದೆ ಕೂತು ವರ್ಷಾನುಗಟ್ಟಲೆ ಜೋಳದ ರೊಟ್ಟಿ ಬಡಿದ ಹೆಂಗಸರ ಮ್ಯಾಕ್ರೋಫೇಜ್‌ಗಳಲ್ಲಿ ಹೊಗೆಯ ಕಪ್ಪು ಕಣಗಳು ತುಂಬಿರುತ್ತವೆ, ಹೀಗೆ ಮಸಿ ತುಂಬಿದ ಕೋಶ ಬ್ಯಾಕ್ಟೀರಿಯಾವನ್ನು ನುಂಗುವುದರಲ್ಲಿ ಹಿಂದೆ ಬೀಳುತ್ತದೆ. ಕಲ್ಲಿನ ಧೂಳಿನಲ್ಲಿ ಸಿಲಿಕಾ ಇದ್ದರೆ ಅದು ಮ್ಯಾಕ್ರೋಫೇಜನ್ನೇ ಕೊಲ್ಲುತ್ತದೆ, ಅಂಥ ಧೂಳಿನಲ್ಲಿ ದುಡಿಯುವವರಿಗೆ ಕ್ಷಯದ ಅಪಾಯವೂ ಹೆಚ್ಚು.

ಬಿಸಿಲು 40 ಡಿಗ್ರಿ ದಾಟುವ ದಿನಗಳಲ್ಲಿ ತಾಲ್ಲೂಕುಗಳಿಂದ ಬಸ್ಸಿನಲ್ಲಿ ಬರುವ ಡಬ್ಬಿಯೊಳಗೆ ನ್ಯೂಟ್ರೋಫಿಲ್‌ಗಳು ಕರಗಿ ಹೋಗಿರುತ್ತವೆ, ಆಗ ಕಣಗಳಿಲ್ಲ ಎಂದು ಬರೆದರೆ ಅದೂ ಸುಳ್ಳೇ. ಹಾಗಾಗಿ ಕಫ ತೆಗೆದ ಸಮಯವನ್ನೂ ರಕ್ತದ ಬಿಳಿ ಕಣಗಳ ಎಣಿಕೆಯನ್ನೂ ಬರೆಯಲು ಕೋರಿಕೆ ಚೀಟಿಯಲ್ಲಿ ಎರಡು ಸಾಲು ಸೇರಿಸಿದ್ದೇನೆ. ಅವು ಖಾಲಿ ಬಂದರೆ, ಸ್ಯಾಂಪಲ್ ವಾಪಸು ಕಳಿಸುವ ಮೊದಲು ವಾರ್ಡಿಗೆ ಫೋನ್ ಮಾಡುತ್ತೇನೆ.