ಶೂ ಒಳಗಿನಿಂದ ಒಣಗಬೇಕು

ಬೇಸಿಗೆ ಮುಗಿಯುತ್ತಾ ಬಂತೆಂದರೆ ಮನೆಯಲ್ಲಿ ಎಲ್ಲವೂ ಒಟ್ಟಿಗೇ ಬಂದು ನಿಲ್ಲುತ್ತವೆ. ಚಿಕ್ಕವನಿಗೆ ಹೊಸ ತರಗತಿ, ದೊಡ್ಡವಳಿಗೆ ಮೊದಲ ಕೆಲಸ, ತಿಂಗಳುಗಟ್ಟಲೆ ಅಭ್ಯಾಸ ಮಾಡಿದವರಿಗೆ ಮೊದಲ 10 ಕಿಲೋಮೀಟರೋ 21 ಕಿಲೋಮೀಟರೋ ಓಟ. ಮನೆ ತುಂಬ ಸಂಭ್ರಮ, ಸರಿ. ಆದರೆ ಹಿಂದಿನ ರಾತ್ರಿ ಹನ್ನೊಂದು ಗಂಟೆಗೆ ಒದ್ದೆ ಶೂ ಕೈಯಲ್ಲಿ ಹಿಡಿದುಕೊಂಡು ಹೇರ್ ಡ್ರೈಯರ್ ಹುಡುಕುವುದಿದೆಯಲ್ಲ, ಅದನ್ನು ಕಂಡರೆ ನನಗೆ ತಡೆಯುವುದಿಲ್ಲ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದ ಹಾಗೆ. ಎರಡು ವಾರ ಮೊದಲೇ ಗೊತ್ತಿದ್ದ ದಿನ ಅದು. ಆಕಾಶದಿಂದ ಉದುರಿದ್ದಲ್ಲ.

ಶೂ ವಿಷಯವನ್ನೇ ಮೊದಲು ಹೇಳಿಬಿಡುತ್ತೇನೆ. ಓಡುವವರು, ಓದುವವರು, ದುಡಿಯುವವರು ಮೂವರೂ ಹಾಳು ಮಾಡಿಕೊಳ್ಳುವುದು ಅದನ್ನೇ.

ಓಟದ ಶೂವನ್ನು ವಾಷಿಂಗ್ ಮಷೀನಿಗೆ ಹಾಕಬೇಡಿ. ಅಟ್ಟೆಯ ಮೇಲ್ಭಾಗದಲ್ಲಿರುವ ಮೆತ್ತನೆ ಫೋಮ್ ಅಂದರೆ ಸಣ್ಣ ಸಣ್ಣ ಗುಳ್ಳೆಗಳಲ್ಲಿ ಗಾಳಿ ಹಿಡಿದಿಟ್ಟ ವಸ್ತು. ನೀವು ದುಡ್ಡು ಕೊಟ್ಟದ್ದೇ ಅದಕ್ಕೆ. ಬಿಸಿ ತಗುಲಿದರೆ ಅದು ಕುಗ್ಗಿ ಗಟ್ಟಿಯಾಗುತ್ತದೆ, ಅಟ್ಟೆ ಹಿಡಿದಿರುವ ಅಂಟು ಸಡಿಲವಾಗುತ್ತದೆ. ಹೇರ್ ಡ್ರೈಯರ್, ಹೀಟರ್, ಮಟಮಟ ಮಧ್ಯಾಹ್ನದ ಬಿಸಿಲು, ಮೂರೂ ಮಾಡುವುದು ಒಂದೇ ಕೆಲಸ. ಮೇಲಿನಿಂದ ನೋಡಿದರೆ ಶೂ ಚೆನ್ನಾಗಿಯೇ ಕಾಣುತ್ತದೆ. ಆಮೇಲೆ ಮೊಣಕಾಲು ನೋವು ಎಂದು ಕೂತಾಗ ಶೂ ನೆನಪಾಗುವುದಿಲ್ಲ.

ಕೆಸರು ಹತ್ತಿದ್ದರೆ ಒಣಗಲು ಬಿಡಿ. ಹಸಿ ಕೆಸರಿಗೆ ನೀರು ಹಾಕಿದರೆ ಅದು ಜಾಲರಿ ಬಟ್ಟೆಯ ಕಣ್ಣುಗಳೊಳಗೆ ಇಳಿದು ಕೂರುತ್ತದೆ. ಒಣಗಿದ ಮೇಲೆ ಹೊರಗೆ ಹೋಗಿ ಎರಡು ಅಟ್ಟೆಗಳನ್ನು ಒಂದಕ್ಕೊಂದು ಬಡಿದರೆ ಮುಕ್ಕಾಲು ಪಾಲು ತಾನೇ ಉದುರುತ್ತದೆ. ಉಳಿದದ್ದಕ್ಕೆ ಸವೆದ ಹಲ್ಲುಜ್ಜುವ ಬ್ರಷ್ ಸಾಕು. ಲೇಸು ಬಿಚ್ಚಿ, ಒಳಗೆ ಪಾದದಡಿ ಹಾಸಿರುವ ಮೆತ್ತೆ, ಅಂದರೆ ಇನ್ಸೋಲ್, ಎಳೆದು ತೆಗೆಯಿರಿ. ಇದನ್ನು ತೆಗೆಯುವುದೇ ಇಲ್ಲ ಜನ! ಬೆವರನ್ನೆಲ್ಲ ಕುಡಿದಿರುವುದು ಅದೇ. ಅರ್ಧ ಬಕೆಟ್ ಉಗುರುಬೆಚ್ಚನೆ ನೀರಿಗೆ ದ್ರವ ಸೋಪು ನಾಲ್ಕು ಹನಿ, ಬೆರಳಲ್ಲಿ ಕದಡಿದರೆ ಜಾರಬೇಕು, ನೊರೆ ಉಕ್ಕಬಾರದು. ಪುಡಿ ಸೋಪು ಬೇಡ, ಕರಗದ ಕಣ ಜಾಲರಿಯಲ್ಲಿ ಉಳಿದು ಕಲೆ ಕಟ್ಟುತ್ತದೆ. ಶೂವನ್ನು ನೀರಲ್ಲಿ ಮುಳುಗಿಸಿ ನೆನೆಹಾಕಬೇಡಿ. ಬ್ರಷ್ಷನ್ನು ಅದ್ದಿ ಉಜ್ಜಿ, ಒದ್ದೆ ಬಟ್ಟೆಯಲ್ಲಿ ಎರಡು ಮೂರು ಸಲ ಸೋಪು ಒರೆಸಿ ತೆಗೆಯಿರಿ, ಒಣ ಟವೆಲ್ಲಿನಲ್ಲಿ ಸುತ್ತಿ ಅಂಗೈಯಿಂದ ಒತ್ತಿ. ಇನ್ಸೋಲನ್ನೂ ಒತ್ತುವುದೇ ಹೊರತು ಹಿಂಡುವಂತಿಲ್ಲ, ಹಿಂಡಿದರೆ ಸೊಟ್ಟಗಾಗಿ ಮತ್ತೆ ಶೂ ಒಳಗೆ ಕೂರುವುದಿಲ್ಲ.

ಈಗ ಒಳಗಿನ ತೇವ ಹೀರಲು ಶೂಗೆ ತುರುಕುವ ಹಳೇ ನ್ಯೂಸ್ ಪೇಪರ್ ವಿಷಯ. ಎಲ್ಲರೂ "ಪೇಪರ್ ತುರುಕಿದೆವು, ಆದರೂ ವಾಸನೆ" ಎನ್ನುತ್ತಾರೆ. ಹೇಗೆ ತುರುಕಿದಿರಿ? ಇಡೀ ಪೇಪರನ್ನು ಒಂದೇ ಗಟ್ಟಿ ಉಂಡೆ ಮಾಡಿ ನಡುವಿಗೆ ಒತ್ತಿ, ಬೆಳಗಿನವರೆಗೆ ಮರೆತಿರಿ. ಗಟ್ಟಿ ಉಂಡೆ ಮೇಲಿನ ಪದರದಲ್ಲಷ್ಟೇ ನೀರು ಹೀರುತ್ತದೆ, ಒಳಗೆ ಒಣಗಿಯೇ ಇರುತ್ತದೆ. ಬೇಕಾದರೆ ಬಿಡಿಸಿ ನೋಡಿ. ಇನ್ನು ಬೆರಳು ಇರುವ ತುದಿಗೆ ಅದು ಮುಟ್ಟಿಯೇ ಇರುವುದಿಲ್ಲ. ಶೂ ಹೊರಗಿನ ಬಟ್ಟೆ ಗಾಳಿಗೆ ಬೇಗ ಒಣಗುತ್ತದೆ. ತುದಿಯೊಳಗೆ ಗಾಳಿ ಆಡುವುದಿಲ್ಲ. ತೇವ, ಕತ್ತಲು, ಬೆವರು ಮೂರೂ ಸಿಕ್ಕಿದ ಕಡೆ ಬ್ಯಾಕ್ಟೀರಿಯಾ ಬೆಳೆಯುತ್ತದೆ, ಆ ಮುಗ್ಗಲು ವಾಸನೆ ಅದರದ್ದೇ. ಆದ್ದರಿಂದ ಶೂ ಒಣಗಬೇಕಾದದ್ದು ಒಳಗಿನಿಂದ, ತುದಿಯಿಂದ.

ಪೇಪರಿನ ಒಂದು ಹಾಳೆಯನ್ನು ಎರಡಾಗಿ ಹರಿದು, ಅರ್ಧವನ್ನು ಮುಷ್ಟಿಯಲ್ಲಿ ಸಡಿಲವಾಗಿ ಮುದುಡಿ. ನಿಂಬೆಹಣ್ಣಿನಷ್ಟು ಗಾತ್ರ ಬರಬೇಕು, ಒತ್ತಿದರೆ ತಗ್ಗಿ ಮತ್ತೆ ಉಬ್ಬಬೇಕು. ಇಂಥದ್ದು ಎರಡನ್ನು ಬೆರಳಿಂದ ತಳ್ಳಿ ತುದಿಗೆ ಮುಟ್ಟಿಸಿ. ಆಮೇಲೆ ನಡುವಿಗೆ ಒಂದು, ಹಿಮ್ಮಡಿಗೆ ಒಂದು. ಶೂ ಮೇಲ್ಭಾಗ ಉಬ್ಬಿ ನಿಂತರೆ ಜಾಸ್ತಿ ತುಂಬಿದ್ದೀರಿ ಎಂದರ್ಥ, ಒದ್ದೆ ಬಟ್ಟೆ ಹಾಗೇ ಹಿಗ್ಗಿ ಒಣಗಿಬಿಡುತ್ತದೆ. ಒಳಗಿನ ಅಸ್ತರು ಬಿಳಿಯಾಗಿದ್ದರೆ ಅಚ್ಚಿನ ಮಸಿ ಹತ್ತುತ್ತದೆ, ಖಾಲಿ ಹಾಳೆಯನ್ನೋ ಟಿಶ್ಯೂವನ್ನೋ ಸುತ್ತಿ ಹಾಕಿ.

ಮೊದಲ ಪೇಪರನ್ನು ಅರ್ಧ ಗಂಟೆಗೆ ತೆಗೆದುಬಿಡಬೇಕು. ಹೆಚ್ಚಿನ ನೀರು ಹೋಗುವುದು ಆಗಲೇ. ಎರಡನೆಯದು ಒಂದು ಗಂಟೆ, ಮೂರನೆಯದು ಎರಡು ಗಂಟೆ, ನಾಲ್ಕನೆಯದು ರಾತ್ರಿಯಿಡೀ. ತೆಗೆಯುವಾಗ ಕಿವಿಗೊಡಿ. ತೇವ ಕುಡಿದ ಪೇಪರ್ ಸದ್ದಿಲ್ಲದೆ ಬರುತ್ತದೆ, ಒಣಗಿದ್ದು ಚರಚರ ಎನ್ನುತ್ತದೆ. ತುದಿಯಲ್ಲಿದ್ದ ಉಂಡೆಯನ್ನು ಅಂಗೈ ಹಿಂಭಾಗಕ್ಕೋ ಕೆನ್ನೆಗೋ ಒತ್ತಿ ನೋಡಿ, ತಣ್ಣಗೆ ಹತ್ತಿದರೆ ಇನ್ನೂ ನೀರಿದೆ. ಬೆರಳ ತುದಿಗೆ ಇದು ಗೊತ್ತಾಗುವುದಿಲ್ಲ, ಕೆನ್ನೆಗೆ ಗೊತ್ತಾಗುತ್ತದೆ. ಅಲ್ಲಿಯವರೆಗೆ ಶೂವನ್ನು ನೆರಳಲ್ಲಿ, ಅಟ್ಟೆ ಗೋಡೆಗೆ ತಾಗುವಂತೆ ಓರೆಯಾಗಿ ನಿಲ್ಲಿಸಿ. ನೆಲಕ್ಕೆ ಮಲಗಿಸಿಟ್ಟರೆ ತಳಕ್ಕೆ ಗಾಳಿ ಸಿಗುವುದಿಲ್ಲ. ಫ್ಯಾನ್ ಗಾಳಿ ಬೀಳುವ ಕಡೆ ಇಟ್ಟರೆ ಇನ್ನೂ ಒಳ್ಳೆಯದು. ಕೊನೆಯ ಪೇಪರ್ ತೆಗೆದ ಮೇಲೂ ಅರ್ಧ ದಿನ ಶೂವಿನ ನಾಲಿಗೆ, ಅಂದರೆ ಲೇಸಿನ ಕೆಳಗಿರುವ ಪಟ್ಟಿ, ಮೇಲೆತ್ತಿ ಹಾಗೇ ಬಿಡಿ, ಆಮೇಲೆ ಇನ್ಸೋಲ್ ಹಾಕಿ. ಒಟ್ಟು ಒಂದು ದಿನವಾದರೂ ಹಿಡಿಯುತ್ತದೆ. ಒಂದೇ ರಾತ್ರಿಯಲ್ಲಿ ಆಗುವ ಕೆಲಸವಲ್ಲ ಎಂದು ನಾನು ಬಾಯಿ ನೋಯುವಷ್ಟು ಹೇಳುವುದು ಇದಕ್ಕೇ. ವಾಸನೆ ಆಗಲೂ ಉಳಿದಿದ್ದರೆ ಹಳೆಯ ಸಾಕ್ಸಿನಲ್ಲಿ ಎರಡು ಚಮಚ ಅಡುಗೆ ಸೋಡಾ ಗಂಟು ಕಟ್ಟಿ ಒಂದು ರಾತ್ರಿ ಒಳಗಿಡಿ. ಒದ್ದೆ ಶೂಗೆ ಸೋಡಾ ಹಾಕಿದರೆ ಗಂಜಿಯಾಗುತ್ತದೆ, ಅಷ್ಟೇ.

ಒಂದೇ ಜೊತೆ ಶೂ ವರ್ಷಪೂರ್ತಿ ಬಾಳಬೇಕಿದ್ದ ಕಾಲದಲ್ಲಿ ಹಳೇ ಪೇಪರ್ ಕಟ್ಟು ಬಾಗಿಲ ಹತ್ತಿರವೇ ಇರುತ್ತಿತ್ತು. ಶಾಲೆಯಿಂದ ನೆನೆದು ಬಂದ ಮಗು ಚೀಲ ಇಳಿಸುವ ಮೊದಲೇ ಶೂ ಒಳಗೆ ಪೇಪರ್ ಹೋಗಿರುತ್ತಿತ್ತು. ಈಗ ಮೂರು ಜೊತೆ ಇವೆ, ಮೂರೂ ನಾರುತ್ತವೆ.

ಅರ್ಧ ಗಂಟೆ ಕಾಯುವಾಗ ಸುಮ್ಮನೆ ಕೂರಬೇಡಿ, ನೀರಿನ ಬಾಟಲಿ ತೆಗೆದುಕೊಳ್ಳಿ. ರಜೆಯಿಡೀ ಮುಚ್ಚಳ ಹಾಕಿ ಮೂಲೆಗೆ ಎಸೆದದ್ದು. ಮುಚ್ಚಳದ ಒಳಗಿರುವ ರಬ್ಬರ್ ಬಳೆಯನ್ನು ಚಮಚದ ಹಿಡಿಯಿಂದ ಎಬ್ಬಿಸಿ ತೆಗೆಯಿರಿ. ಅದರ ಕೆಳಗೆ ಕಪ್ಪು ಗೆರೆ ಕಾಣುತ್ತದಲ್ಲ, ಅದು ಬೂಷ್ಟು. ಬಾಟಲಿ ಎಷ್ಟು ಫಳಫಳ ತೊಳೆದರೂ ಮಗು ಕುಡಿಯುವುದು ಅದನ್ನು ದಾಟಿ ಬಂದ ನೀರು. ಬಳೆಯನ್ನು ಸೋಪುನೀರಲ್ಲಿ ಉಜ್ಜಿ, ಪೂರ್ತಿ ಒಣಗಿದ ಮೇಲೆ ಕೂರಿಸಿ. ಇನ್ನು ಮೇಲೆ ಬಾಟಲಿಯನ್ನು ಮುಚ್ಚಳ ತೆರೆದೇ ಇಡಿ.

ಶಾಲೆಯ ಬಿಳಿ ಕ್ಯಾನ್ವಾಸ್ ಶೂ ಒಣಗಿದ ಮೇಲೆ ಹಳದಿಯಾಯಿತು ಎಂದು ಮತ್ತೆ ಮತ್ತೆ ಬ್ಲೀಚ್ ಹಾಕುತ್ತಾರೆ. ಉಳಿದ ಸೋಪು ನೀರಿನ ಜೊತೆ ಮೇಲೆ ಬಂದು ಕಲೆಯಾಗುತ್ತದೆ, ಅದಕ್ಕೆ ಬ್ಲೀಚ್ ಮದ್ದಲ್ಲ. ನೀರು ತಿಳಿಯಾಗುವವರೆಗೆ ಜಾಲಿಸಿ, ಒದ್ದೆ ಇರುವಾಗಲೇ ಹೊರಗಡೆ ಬಿಳಿ ಟಿಶ್ಯೂ ಅಂಟಿಸಿ ಒಣಗಿಸಿ. ಕಲೆ ಟಿಶ್ಯೂವಿಗೆ ಹೋಗುತ್ತದೆ. ಬ್ಲೀಚ್ ಜೊತೆ ವಿನೆಗರ್ ಸೇರಿಸುವವರನ್ನೂ ನೋಡಿದ್ದೇನೆ. ಅದರಿಂದ ಕ್ಲೋರಿನ್ ಅನಿಲ ಬರುತ್ತದೆ, ಉಸಿರಿಗೆ ಅಪಾಯ, ಖಂಡಿತ ಮಾಡಬೇಡಿ. ಹೊಸ ಶೂ ಕೊಳ್ಳುವುದಿದ್ದರೆ ಸಂಜೆ ಹೋಗಿ, ಹಗಲಿಡೀ ಓಡಾಡಿದ ಕಾಲು ಆಗ ಊದಿರುತ್ತದೆ. ಶಾಲೆಗೆ ಹಾಕುವ ಸಾಕ್ಸ್ ಹಾಕಿಸಿ, ನಿಲ್ಲಿಸಿ, ಉದ್ದನೆಯ ಬೆರಳಿನ ಮುಂದೆ ನಿಮ್ಮ ಹೆಬ್ಬೆರಳಿನ ಅಗಲ ಜಾಗ ಇದೆಯೇ ಒತ್ತಿ ನೋಡಿ. "ಬೆಳೆಯುತ್ತಾನಲ್ಲ" ಎಂದು ಎರಡು ಅಳತೆ ದೊಡ್ಡದು ತಂದರೆ ಹಿಮ್ಮಡಿ ಜಾರಿ ಗುಳ್ಳೆ ಏಳುತ್ತದೆ.

ಚೀಲ ತುಂಬುವಾಗ ಭಾರದ ಪುಸ್ತಕ ಬೆನ್ನಿಗೆ ಅಂಟಿಕೊಳ್ಳಬೇಕು, ಹಗುರದ್ದು ಹೊರಗೆ. ತುಂಬಿದ ಚೀಲ ಮಗುವಿನ ತೂಕದ ಹತ್ತರಲ್ಲಿ ಒಂದು ಪಾಲು ಇದ್ದರೆ ಚೆಂದ, 30 ಕಿಲೋ ಮಗುವಿಗೆ 3 ಕಿಲೋ. ಪಟ್ಟಿ ಎಳೆದು ಚೀಲವನ್ನು ಸೊಂಟದ ಮಟ್ಟಕ್ಕೆ ತನ್ನಿ, ಕುಂಡಿಗೆ ಬಡಿಯುತ್ತಾ ಜೋತಾಡಬಾರದು.

ನಿದ್ದೆಯ ವಿಷಯದಲ್ಲಿ ನನಗೆ ನಿಜಕ್ಕೂ ಸಿಟ್ಟಿದೆ. ರಜೆಯಿಡೀ ಹನ್ನೊಂದಕ್ಕೆ ಮಲಗಿದ ಮಗುವನ್ನು ಶಾಲೆ ಶುರುವಾಗುವ ಹಿಂದಿನ ರಾತ್ರಿ ಒಂಬತ್ತಕ್ಕೆ ಮಲಗು ಎಂದು ಗದರಿದರೆ ಅದು ಕಣ್ಣು ಬಿಟ್ಟುಕೊಂಡು ಬಿದ್ದಿರುತ್ತದೆ, ಪಾಪ. 6ರಿಂದ 12 ವರ್ಷದವರಿಗೆ 9ರಿಂದ 12 ಗಂಟೆ, ಅದರಿಂದಾಚೆ 18ರವರೆಗೆ 8ರಿಂದ 10 ಗಂಟೆ ನಿದ್ದೆ ಬೇಕು. ಮಲಗುವ ಹೊತ್ತನ್ನು ಎರಡು ದಿನಕ್ಕೊಮ್ಮೆ 15 ನಿಮಿಷದಂತೆ ಹಿಂದಕ್ಕೆ ತಂದರೆ ಎರಡು ಗಂಟೆ ಸರಿಹೋಗಲು 16 ದಿನ ಬೇಕು. ಲೆಕ್ಕ ಹಾಕಿ ಶುರುಮಾಡಿ. ಮೊದಲು ಬದಲಿಸಬೇಕಾದದ್ದು ಏಳುವ ಹೊತ್ತು. ಬೇಗ ಎಬ್ಬಿಸಿ ಬೆಳಕಿಗೆ ಕರೆದುಕೊಂಡು ಬನ್ನಿ, ರಾತ್ರಿ ನಿದ್ದೆ ತಾನಾಗಿ ಬೇಗ ಬರುತ್ತದೆ.

ಹೊಸ ಕೆಲಸಕ್ಕೆ ಹೋಗುವವರಿಗೆ ಶರ್ಟಿನ ಮಾತು. ಹೊಸ ಬಟ್ಟೆಯನ್ನು ಒಂದು ಸಲ ಒಗೆದೇ ಹಾಕಬೇಕು. ಹೆಚ್ಚಿನ ಬಣ್ಣ ಹೋಗುತ್ತದೆ, ಕುಗ್ಗುವುದಿದ್ದರೆ ಮೊದಲೇ ಗೊತ್ತಾಗುತ್ತದೆ. ಇಸ್ತ್ರಿಗೆ ಮುಂಚೆ ನೀರು ಚಿಮುಕಿಸಿ, ಸುರುಳಿ ಸುತ್ತಿ ಹತ್ತು ನಿಮಿಷ ಬಿಟ್ಟರೆ ತೇವ ಎಲ್ಲ ಕಡೆ ಹರಡುತ್ತದೆ. ಕಾಲರಿನ ಒಳಮೈ ಮೊದಲು, ತುದಿಯಿಂದ ನಡುವಿಗೆ. ನಡುವಿನಿಂದ ತುದಿಗೆ ಎಳೆದರೆ ಸುಕ್ಕೆಲ್ಲ ಮೂಲೆಯಲ್ಲಿ ಬಂದು ಕೂರುತ್ತದೆ. ಆಮೇಲೆ ತೋಳಿನ ಪಟ್ಟಿ, ತೋಳು, ಹೆಗಲು, ಬೆನ್ನು, ಕೊನೆಗೆ ಮುಂಭಾಗ. ಮುಂಭಾಗವನ್ನು ಮೊದಲು ಮಾಡಿದರೆ ತೋಳು ತಿರುಗಿಸುವಾಗ ಮತ್ತೆ ಮುದುಡುತ್ತದೆ. ಗುಂಡಿ ಇರುವ ಕಡೆ ಕೆಳಗೆ ಟವೆಲ್ ಮಡಿಸಿಟ್ಟು ಬಟ್ಟೆಯನ್ನು ಮಗುಚಿ ಒತ್ತಿ. ಚರ್ಮದ ಶೂ ನೆನೆದರೆ ಅದಕ್ಕೂ ಪೇಪರ್ರೇ, ಆದರೆ ಪೂರ್ತಿ ಒಣಗುವ ಮೊದಲು ಪಾಲಿಷ್ ಹಚ್ಚಬೇಡಿ, ಒಳಗಿನ ತೇವ ಹೊರಬರಲು ದಾರಿ ಸಿಗುವುದಿಲ್ಲ. ಒಂದು ದಿನ ಹಾಕಿದ್ದಕ್ಕೆ ಮರುದಿನ ಬಿಡುವು ಕೊಡಿ.

ಓಟದ ಬಟ್ಟೆ ಒಗೆಯುವಾಗ ಫ್ಯಾಬ್ರಿಕ್ ಸಾಫ್ಟನರ್ ಹಾಕಲೇಬಾರದು. ಅದು ನೂಲಿನ ಮೇಲೆ ಪದರ ಕಟ್ಟುತ್ತದೆ, ಬೆವರು ಹೀರುವ ಗುಣವೇ ಹೋಗುತ್ತದೆ. ಪಾಲಿಯೆಸ್ಟರ್ ಬಟ್ಟೆ ಮೈಯ ಎಣ್ಣೆಯನ್ನು ಹಿಡಿದಿಟ್ಟುಕೊಳ್ಳುವ ಜಾತಿ, ಅದಕ್ಕೇ ಒಗೆದರೂ ಬೆವರಿದ ಕೂಡಲೇ ನಾರುತ್ತದೆ. ಒಳಮೈ ಹೊರಗೆ ಮಾಡಿ, ಬಂದ ಕೂಡಲೇ ತಣ್ಣೀರಲ್ಲಿ ಜಾಲಿಸಿ ಹರವಿ. ಬುಟ್ಟಿಯ ತಳದಲ್ಲಿ ಮುದ್ದೆ ಮಾಡಿ ಎರಡು ದಿನ ಬಿಟ್ಟು ಆಮೇಲೆ ಸೋಪನ್ನು ಬಯ್ಯಬೇಡಿ.

ಸ್ಪರ್ಧೆಯ ದಿನ ಹೊಚ್ಚ ಹೊಸದು ಯಾವುದೂ ಬೇಡ. ಶೂ ಆಗಲೇ ನಾಲ್ಕೈದು ಓಟ ಕಂಡಿರಬೇಕು, ಸಾಕ್ಸ್ ಎರಡು ಸಲ ಒಗೆದದ್ದಿರಬೇಕು. ಓಟದ ಶೂ ಸಾಮಾನ್ಯವಾಗಿ 500ರಿಂದ 800 ಕಿಲೋಮೀಟರಿಗೆ ಮುಗಿಯುತ್ತದೆ, ಹಾಕಲು ಶುರುಮಾಡಿದ ದಿನಾಂಕವನ್ನು ನಾಲಿಗೆಯ ಒಳಮೈಯಲ್ಲಿ ಪೆನ್ನಲ್ಲಿ ಬರೆದಿಟ್ಟರೆ ಊಹಿಸುವ ಕಷ್ಟ ತಪ್ಪುತ್ತದೆ. ಉಗುರನ್ನು ಮೂರು ದಿನ ಮೊದಲೇ ನೇರವಾಗಿ ಕತ್ತರಿಸಿ. ಎದೆಗೆ ಹಾಕುವ ನಂಬರನ್ನು ಮಡಿಸಬೇಡಿ, ಹಲವು ಕಡೆ ಹೊತ್ತು ಅಳೆಯುವ ಚಿಪ್ ಅದರ ಬೆನ್ನಿಗೇ ಅಂಟಿರುತ್ತದೆ. ಅಂಗಿಯನ್ನು ಹಾಸಿಗೆ ಮೇಲೆ ಹರಡಿ ನಾಲ್ಕು ಮೂಲೆಗೆ ನಾಲ್ಕು ಪಿನ್ನು ಹಾಕಿಡಿ. ತೊಡೆ, ಕಂಕುಳಲ್ಲಿ ಉಜ್ಜುವ ಜಾಗಕ್ಕೆ ವ್ಯಾಸಲೀನ್ ಧಾರಾಳವಾಗಿ. ಹಿಮ್ಮಡಿ ಜಾರುವವರು ಶೂವಿನ ಕೊನೆಯ ತೂತನ್ನು ಬಳಸಿ. ಅದು ಸುಮ್ಮನೆ ಇಟ್ಟದ್ದಲ್ಲ. ಲೇಸಿನ ತುದಿಯನ್ನು ಅದೇ ಪಕ್ಕದ ಕೊನೆ ತೂತಿಗೆ ಹೊರಗಿನಿಂದ ಪೋಣಿಸಿ ಪುಟ್ಟ ಕುಣಿಕೆ ಬಿಡಿ, ಇನ್ನೊಂದು ಪಕ್ಕವೂ ಹಾಗೇ. ಬಲದ ತುದಿಯನ್ನು ಎಡದ ಕುಣಿಕೆಯಲ್ಲಿ, ಎಡದ್ದನ್ನು ಬಲದ ಕುಣಿಕೆಯಲ್ಲಿ ತೂರಿಸಿ ಕೆಳಮುಖವಾಗಿ ಎಳೆದು ಗಂಟು ಹಾಕಿದರೆ ಹಿಮ್ಮಡಿ ಅಲ್ಲಾಡುವುದಿಲ್ಲ, ಬೆರಳು ಮುಂದೆ ಹೋಗಿ ಗುದ್ದುವುದೂ ನಿಲ್ಲುತ್ತದೆ.

ಓಡಿ ಮುಗಿಸಿ ಬಂದವರು ಪದಕ ಹಾಕಿಕೊಂಡು ಫೋಟೋಗೆ ನಿಲ್ಲುತ್ತಾರೆ, ನಿಲ್ಲಲಿ. ಮನೆಯಲ್ಲಿರುವವರು ಯಾರಾದರೂ ಅಷ್ಟರಲ್ಲಿ ಆ ಶೂವಿನ ಲೇಸು ಸಡಿಲಿಸಿ, ಇನ್ಸೋಲ್ ಎಳೆದು, ನಿಂಬೆಗಾತ್ರದ ಎರಡು ಉಂಡೆ ತುದಿಗೆ ತಳ್ಳಿ, ಅರ್ಧ ಗಂಟೆಗೆ ಗಡಿಯಾರ ನೋಡಿಕೊಳ್ಳಲಿ.