ಪ್ರೆಟ್ಜೆಲ್ ಮಾಡುವವರು ಸೋಡಾ ನೀರನ್ನು ತಪ್ಪಿಸಬೇಡಿ

ಮನೆಯಲ್ಲೇ ಮೆತ್ತನೆಯ ಪ್ರೆಟ್ಜೆಲ್ (ಗಂಟಿನಂತೆ ತಿರುಚಿ ಬೇಯಿಸುವ ಜರ್ಮನ್ ಬ್ರೆಡ್) ಮಾಡಿದ್ದೇವೆಂದು ಎಳೆಯರು ತಟ್ಟೆಯನ್ನು ತಂದು ಮುಂದಿಟ್ಟಾಗ ನಾನು ಮೊದಲು ಅದರ ಬಣ್ಣ ನೋಡುತ್ತೇನೆ. ಗಂಟಿನ ಅಂದಚಂದವೆಲ್ಲ ಆಮೇಲಿನ ಮಾತು. ಬಹುಪಾಲು ಅದು ಬಿಳಿಚಿಕೊಂಡು, ಮೇಲೆ ಸವರಿದ ಬೆಣ್ಣೆಯಿಂದಷ್ಟೇ ಮಿನುಗುತ್ತಿರುತ್ತದೆ, ಕಚ್ಚಿದರೆ ಬನ್ನಿನ ರುಚಿ ಬರುತ್ತದೆ. ಕಾರಣ ಕೇಳಿದರೆ, “ಸೋಡಾ ಪುಡಿ ಬೆರೆಸಿದ ನೀರಿನಲ್ಲಿ ಅದ್ದುವುದೆಲ್ಲ ರಗಳೆ ಅಜ್ಜಿ, ಅದಿಲ್ಲದೆಯೂ ಆಗುತ್ತದೆ” ಎನ್ನುತ್ತಾರೆ. ಆಗುವುದಿಲ್ಲ. ಆಗುವುದಾಗಿದ್ದರೆ ಜರ್ಮನಿಯ ಬೇಕರಿಯವರು ಕೈಗವಸು ತೊಟ್ಟು, ಕಾಸ್ಟಿಕ್ ಸೋಡಾದಂತಹ ಉಗ್ರ ಕ್ಷಾರವನ್ನು ನೂರಕ್ಕೆ ಮೂರು ನಾಲ್ಕು ಪಾಲಿನಷ್ಟು ನೀರಿಗೆ ಬೆರೆಸಿ, ಒಂದೊಂದನ್ನೂ ಅದರಲ್ಲಿ ಅದ್ದಿ ತೆಗೆಯುವ ಕಷ್ಟವನ್ನು ಏಕೆ ಪಡುತ್ತಿದ್ದರು?

ಹಿಟ್ಟಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಈಸ್ಟ್ ಹಾಕಿ ಬ್ರೆಡ್ ಮಾಡಿದವರಿಗೆ ಇದು ಹೊಸದಲ್ಲ. ಮೈದಾ, ಉಗುರುಬೆಚ್ಚಗಿನ ನೀರು, ಈಸ್ಟ್, ಉಪ್ಪು, ಸ್ವಲ್ಪ ಸಕ್ಕರೆ, ನಿಂಬೆಹಣ್ಣಿನ ಗಾತ್ರದ ಬೆಣ್ಣೆ ಇದ್ದರೆ ಸಾಕು. ಬ್ರೆಡ್ಡಿನ ಹಿಟ್ಟಿಗಿಂತ ಇದು ಗಟ್ಟಿಯಾಗಿರಬೇಕು ಮತ್ತು ಕೈಗೆ ಅಂಟಬಾರದು. ಅರ್ಧ ಕಿಲೋ ಮೈದಾಕ್ಕೆ ಕಾಲು ಲೀಟರಿಗಿಂತ ತುಸು ಹೆಚ್ಚು ನೀರು ಹಿಡಿಸುತ್ತದೆ, ಉಳಿದುದನ್ನು ಕೈಯೇ ಹೇಳುತ್ತದೆ. ಚೆನ್ನಾಗಿ ನಾದಿ, ಉಬ್ಬಿದ ಮೇಲೆ ಉಂಡೆ ಕಟ್ಟಿ, ಹಗ್ಗದಂತೆ ಹೊಸೆಯಿರಿ. ಹೊಸೆಯುವಾಗ ಹಲಗೆಯ ಮೇಲೆ ಮೈದಾ ಉದುರಿಸುವ ಚಾಳಿಯನ್ನು ದಯವಿಟ್ಟು ಬಿಡಿ. ಹಿಡಿತವಿಲ್ಲದೆ ಹಿಟ್ಟು ಜಾರುತ್ತದೆಯೇ ಹೊರತು ಉದ್ದವಾಗುವುದಿಲ್ಲ. ಎಳೆದಷ್ಟೂ ಹಿಂದಕ್ಕೆ ಕುಗ್ಗುತ್ತಿದ್ದರೆ ಅದರೊಡನೆ ಜಗಳವಾಡದೆ, ಒದ್ದೆ ಬಟ್ಟೆ ಮುಚ್ಚಿ ಐದು ನಿಮಿಷ ಬಿಟ್ಟು, ಆಮೇಲೆ ಮುಂದುವರಿಸಿ. ನಡುಭಾಗ ದಪ್ಪ, ತುದಿಗಳು ತೆಳುವಾಗಿರಲಿ. ಹಗ್ಗವನ್ನು U ಆಕಾರಕ್ಕೆ ಬಾಗಿಸಿ, ತುದಿಗಳನ್ನು ಒಂದಕ್ಕೊಂದು ಎರಡು ಸುತ್ತು ತಿರುಚಿ, ಹೊಟ್ಟೆಯ, ಅಂದರೆ ದಪ್ಪನೆಯ ನಡುಭಾಗದ, ಮೇಲೆ ಒತ್ತಿ ಕೂರಿಸಿ, ಮೇಲ್ಮೈ ಒಣಗಲೆಂದು ಏನನ್ನೂ ಮುಚ್ಚದೆ ಒಂದು ಗಂಟೆ ಫ್ರಿಜ್ಜಿನಲ್ಲಿಡಿ. ಹೀಗೆ ಬಿಗಿದುಕೊಂಡ ಗಂಟನ್ನು ಬಿಸಿನೀರಿಗೆ ಬಿಟ್ಟರೂ ಅದು ಬಿಚ್ಚಿಕೊಳ್ಳುವುದಿಲ್ಲ.

ಇನ್ನು ನಾನು ಪಟ್ಟು ಹಿಡಿಯುವ ವಿಷಯ. ಡಬ್ಬಿಯಿಂದ ತೆಗೆದ ಅಡುಗೆ ಸೋಡಾವನ್ನು ಹಾಗೆಯೇ ನೀರಿಗೆ ಹಾಕಿದರೆ ಅದು ಬಹಳ ಸೌಮ್ಯವಾದ ಕ್ಷಾರ; ಬಣ್ಣವೇನೋ ಒಂದಿಷ್ಟು ಬರುತ್ತದೆ, ಆದರೆ ಪ್ರೆಟ್ಜೆಲ್ಲಿನ ಆ ಗಾಢ ಕಂದು, ಆ ಹೊಳಪು, ಆ ವಿಶಿಷ್ಟ ವಾಸನೆ ಬರುವುದಿಲ್ಲ. ಕಾಸ್ಟಿಕ್ ಸೋಡಾವನ್ನು ಮಕ್ಕಳು ಓಡಾಡುವ ಮನೆಯೊಳಗೆ ತರಲು ನನಗೆ ಇಷ್ಟವಿಲ್ಲ. ಇವೆರಡರ ನಡುವಿನ ದಾರಿಯೆಂದರೆ ಸೋಡಾವನ್ನೇ ಮೊದಲು ಓವನ್ನಿನಲ್ಲಿ ಬೇಯಿಸುವುದು. ಅಡುಗೆ ಸೋಡಾ ಎಂದರೆ ಸೋಡಿಯಂ ಬೈಕಾರ್ಬೊನೇಟ್. ಕಾಯಿಸಿದಾಗ ಅದರೊಳಗಿನ ನೀರೂ ಇಂಗಾಲದ ಡೈಆಕ್ಸೈಡೂ ಹೊರಟುಹೋಗಿ ಸೋಡಿಯಂ ಕಾರ್ಬೊನೇಟ್ ಉಳಿಯುತ್ತದೆ, ಮತ್ತು ಇದು ಮೂಲ ಸೋಡಾಕ್ಕಿಂತ ಬಹಳ ಪ್ರಬಲವಾದ ಕ್ಷಾರ. ಸ್ಟೀಲ್ ಇಲ್ಲವೇ ಗಾಜಿನ ತಟ್ಟೆಯಲ್ಲಿ ಸೋಡಾವನ್ನು ಬೆರಳಿಗಿಂತ ತೆಳುವಾಗಿ ಹರಡಿ, 150 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಗಂಟೆಗೆ ಕಡಿಮೆಯಿಲ್ಲದಂತೆ ಇಡಬೇಕು, ನಡುವೆ ಒಮ್ಮೆ ಚಮಚದಿಂದ ಕೆದಕಬೇಕು. ನೋಡಲು ಪುಡಿ ಮೊದಲಿನಂತೆಯೇ ಇರುವುದರಿಂದ, ಆಯಿತೋ ಇಲ್ಲವೋ ಎಂಬುದನ್ನು ತಕ್ಕಡಿಯಿಂದ ತಿಳಿಯಬೇಕು: 100 ಗ್ರಾಂ ಇಟ್ಟಿದ್ದರೆ ಸುಮಾರು 63 ಗ್ರಾಂ ಉಳಿಯಬೇಕು. ಎಪ್ಪತ್ತೋ ಎಂಬತ್ತೋ ತೂಗಿದರೆ ಮತ್ತೆ ಒಳಗೆ ಇಡಿ. ಅಡುಗೆಯಲ್ಲಿ ನಾನು ತಕ್ಕಡಿ ಮುಟ್ಟುವುದು ಇದೊಂದಕ್ಕೇ.

ತಣಿದ ಪುಡಿಯನ್ನು ಬರಿಗೈಯಲ್ಲಿ ಬಾಚಬೇಡಿ, ಮೂಗಿನ ಬಳಿ ಹಿಡಿಯಬೇಡಿ, ಅದು ಉರಿಸುತ್ತದೆ. ಗಾಳಿಯ ತೇವವನ್ನು ಹೀರಿಕೊಳ್ಳುವುದರಿಂದ ಬಿಗಿ ಮುಚ್ಚಳದ ಗಾಜಿನ ಸೀಸೆಯಲ್ಲಿ ಹಾಕಿ, ಅದರ ಮೇಲೆ ಹೆಸರು ಬರೆದು, ಮಾಮೂಲು ಸೋಡಾದ ಡಬ್ಬಿಯಿಂದ ದೂರದ ಗೂಡಿನಲ್ಲಿಡಿ. ಕೇಕಿಗೆ ಹಾಕುವ ಸೋಡಾ ಇದೇ ಎಂದು ಯಾರಾದರೂ ಭಾವಿಸಿದರೆ ಅನಾಹುತವಾಗುತ್ತದೆ. ಹೆಸರು ಬರೆಯದ ಸೀಸೆಗಳನ್ನು ಸಾಲಾಗಿ ಜೋಡಿಸಿ, “ನನಗೆ ನೆನಪಿರುತ್ತದೆ” ಎನ್ನುವ ಎಳೆಯರನ್ನು ಕಂಡರೆ ನನಗೆ ಬೇಸರವಾಗುತ್ತದೆ, ಏಕೆಂದರೆ ಹುಡುಕಾಟ ಶುರುವಾದಾಗ ಆ ನೆನಪಿನ ಧಣಿಗಳು ಮನೆಯಲ್ಲಿರುವುದಿಲ್ಲ.

ಅಗಲವಾದ ಸ್ಟೀಲ್ ಪಾತ್ರೆಯಲ್ಲಿ ನೀರನ್ನು ಕುದಿಸಿ, ಉರಿ ಇಳಿಸಿ, ಲೀಟರಿಗೆ ಉಬ್ಬಾಗಿ ತುಂಬಿದ ಮೂರು ದೊಡ್ಡ ಚಮಚದಷ್ಟು ಈ ಪುಡಿಯನ್ನು ಸ್ವಲ್ಪ ಸ್ವಲ್ಪವಾಗಿ ಬೆರೆಸಿ. ಅಲ್ಯೂಮಿನಿಯಂ ಪಾತ್ರೆಯನ್ನು ಮಾತ್ರ ಮುಟ್ಟಲೇಬೇಡಿ; ಕ್ಷಾರ ಆ ಲೋಹವನ್ನು ತಿಂದು ಕಪ್ಪಾಗಿಸುತ್ತದೆ. ತಣ್ಣಗಿರುವ ಪ್ರೆಟ್ಜೆಲ್ಲನ್ನು ಜಾಲರಿ ಸೌಟಿನ ಮೇಲಿಟ್ಟು ನೀರಿಗಿಳಿಸಿ, ಇಪ್ಪತ್ತು ಮೂವತ್ತು ಎಣಿಸುವಷ್ಟರಲ್ಲಿ ಒಮ್ಮೆ ಮಗುಚಿ ಮೇಲೆತ್ತಿ, ಸೌಟಿನಲ್ಲೇ ನೀರು ಪೂರ್ತಿ ಬಸಿಯಲು ಬಿಡಿ. ಹೆಚ್ಚು ಹೊತ್ತು ಬಿಟ್ಟರೆ ಸಾಬೂನಿನ ಕಹಿ ಬರುತ್ತದೆ. ಈ ಅರೆ ನಿಮಿಷದಲ್ಲಿ ಹೊರಪದರದ ಪಿಷ್ಟ ಬೆಂದು ಅಂಟಾಗುತ್ತದೆ, ಆ ಪದರವೇ ಮುಂದೆ ಹೊಳೆಯುವ, ಜಗಿಯುವಂತಹ ಸಿಪ್ಪೆ. ಸಕ್ಕರೆಯೂ ಪ್ರೋಟೀನೂ ಶಾಖದಲ್ಲಿ ಕೂಡಿ ಕಂದಾಗುವುದನ್ನು ಫ್ರಾನ್ಸಿನ ರಸಾಯನವಿಜ್ಞಾನಿ ಲೂಯಿ ಕಮೀಲ್ ಮಯಾರ್ 1912ರಲ್ಲಿ ವಿವರಿಸಿದರು. ಮೇಲ್ಮೈಯಲ್ಲಿ ಕ್ಷಾರವಿದ್ದರೆ ಆ ಕ್ರಿಯೆ ಬಹಳ ಬೇಗ ನಡೆಯುತ್ತದೆ ಎಂಬುದೇ ಇದರ ಒಳಗುಟ್ಟು.

ಉಳಿದ ಸೋಡಾ ನೀರನ್ನು ಕೂಡಲೇ ಚೆಲ್ಲಬೇಡಿ. ಇದು ಬಟ್ಟೆ ತೊಳೆಯುವ ಸೋಡಾದ ನೀರೇ. ಜಿಡ್ಡು ಹಿಡಿದ ಕೈವಸ್ತ್ರಗಳನ್ನು ಅದರಲ್ಲಿ ಅರ್ಧ ಗಂಟೆ ನೆನೆಸಿದರೆ ಉಜ್ಜುವ ಶ್ರಮ ಅರ್ಧವಾಗುತ್ತದೆ. ರೇಷ್ಮೆ, ಉಣ್ಣೆಗಳನ್ನು ಮಾತ್ರ ಅದ್ದಬೇಡಿ, ಹಾಳಾಗುತ್ತವೆ.

ಅದ್ದಿದ ಪ್ರೆಟ್ಜೆಲ್ಲನ್ನು ಸಿಲಿಕೋನ್ ಹಾಳೆಯ ಮೇಲೆ, ಅದಿಲ್ಲದಿದ್ದರೆ ಎಣ್ಣೆ ಸವರಿದ ಬೇಕಿಂಗ್ ಕಾಗದದ ಮೇಲೆ ಇಡಿ. ಎಣ್ಣೆ ಸವರದ ಕಾಗದ ತಳಕ್ಕೆ ಅಂಟಿಕೊಂಡು ಬಿಡದು. ದಪ್ಪನೆಯ ಹೊಟ್ಟೆಯ ಮೇಲೆ ಹರಿತವಾದ ಬ್ಲೇಡಿನಿಂದ ಒಂದೇ ಗೀರು ಎಳೆಯಿರಿ, ಅಲ್ಲಿ ಅದು ಬಿಳಿಯಾಗಿ ಅರಳುತ್ತದೆ. ಓವನ್ ಮೊದಲೇ 230 ಡಿಗ್ರಿಗೆ ಕಾದಿರಲಿ, ಹನ್ನೆರಡರಿಂದ ಹದಿನೈದು ನಿಮಿಷ ಸಾಕು. ನಾನು ಬೇಕಿಂಗ್ ಕಲಿತ ಓವನ್ನಿಗೆ ಗಾಜಿನ ಬಾಗಿಲಾಗಲಿ ಗಂಟೆ ಬಾರಿಸುವ ಗಡಿಯಾರವಾಗಲಿ ಇರಲಿಲ್ಲ. ನನಗೆ ಕಲಿಸಿದ ದೊಡ್ಡಮ್ಮ ಪಕ್ಕದ ಕೋಣೆಯಲ್ಲಿ ಕುಳಿತೇ ವಾಸನೆ ಹಿಡಿದು, “ಈಗ ತೆಗೆ” ಎಂದು ಕೂಗುತ್ತಿದ್ದರು. ಈಗಿನವರು ಗಾಜಿನೊಳಗೆ ಎಲ್ಲವೂ ಕಾಣುತ್ತಿದ್ದರೂ ಎರಡು ನಿಮಿಷಕ್ಕೊಮ್ಮೆ ಬಾಗಿಲು ತೆರೆದು ಶಾಖವನ್ನೆಲ್ಲ ಹೊರಗೆ ಬಿಡುತ್ತಾರೆ. ಹೊನ್ನಿನ ಬಣ್ಣಕ್ಕೆ ಹೆದರಿ ತೆಗೆಯಬೇಡಿ, ಮರದ ತೊಗಟೆಯ ಕಂದಿಗೆ ಬರುವವರೆಗೂ ತಾಳಿ.

ಮೇಲೆ ಹಾಕುವುದರಲ್ಲಿ ನಡೆಯುವ ತಪ್ಪೆಲ್ಲ ಸಮಯದ್ದೇ. ಹರಳುಪ್ಪು, ಎಳ್ಳು, ಗಸಗಸೆ, ತುರಿದ ಚೀಸ್ ಇವೆಲ್ಲವನ್ನೂ ಅದ್ದಿ ತೆಗೆದ ಕೂಡಲೇ, ಮೈ ಒದ್ದೆಯಿರುವಾಗಲೇ ಉದುರಿಸಬೇಕು, ಒಣಗಿದ ಮೇಲೆ ಅವು ನಿಲ್ಲುವುದಿಲ್ಲ. ಪುಡಿಯುಪ್ಪು ಕರಗಿ ಮಾಯವಾಗುವುದರಿಂದ ಅದು ಬೇಡ. ಸಿಹಿಯದಕ್ಕೆ ಇದರ ತದ್ವಿರುದ್ಧ. ದಾಲ್ಚಿನ್ನಿ ಬೆರೆಸಿದ ಸಕ್ಕರೆಯನ್ನು ಮೊದಲೇ ಹಾಕಿದರೆ ಆ ಶಾಖಕ್ಕೆ ಸೀದುಹೋಗುತ್ತದೆ. ಹೊರತೆಗೆದ ಪ್ರೆಟ್ಜೆಲ್ಲಿಗೆ ಕರಗಿದ ಬೆಣ್ಣೆಯನ್ನು ಧಾರಾಳವಾಗಿ ಸವರಿ, ಬಿಸಿಯಿರುವಾಗಲೇ ಸಕ್ಕರೆಯಲ್ಲಿ ಹೊರಳಿಸಿ. ಸಿಹಿ ಮಾಡುವ ದಿನ ಉಪ್ಪು ಹಾಕದಿರುವುದನ್ನು ಹೇಳಿಕೊಡಬೇಕಾಗಿಲ್ಲ ಎಂದುಕೊಂಡಿದ್ದೆ, ಆದರೆ ಹೇಳಬೇಕಾಗಿದೆ. ಬೆಳ್ಳುಳ್ಳಿ ಬೆಣ್ಣೆಯೂ ಬೆಂದ ಮೇಲಿನದೇ; ಮೊದಲೇ ಹಾಕಿದರೆ ಬೆಳ್ಳುಳ್ಳಿ ಕರಕಲಾಗುತ್ತದೆ. ಚಾಕೊಲೇಟ್ ಸುರಿಯುವುದಾದರೆ ಪೂರ್ತಿ ತಣಿಯುವವರೆಗೆ ಕಾಯಿರಿ.

ಪ್ರೆಟ್ಜೆಲ್ ಅಂದಿನದು ಅಂದೇ ಚೆನ್ನ. ಉಪ್ಪು ಹಾಕಿದ್ದನ್ನು ಡಬ್ಬಿಯಲ್ಲಿ ಮುಚ್ಚಿಟ್ಟರೆ ಉಪ್ಪು ತೇವ ಎಳೆದು ಕರಗಿ, ಸಿಪ್ಪೆ ಸುಕ್ಕುಗಟ್ಟುತ್ತದೆ. ಆದ್ದರಿಂದ ಉಳಿಸುವ ಉದ್ದೇಶವಿದ್ದರೆ ಅಷ್ಟಕ್ಕೆ ಉಪ್ಪನ್ನೇ ಹಾಕದೆ ಬೇಯಿಸಿ, ತಣಿದ ಮೇಲೆ ಫ್ರೀಜರಿನಲ್ಲಿಡಿ, ಬೇಕೆನಿಸಿದಾಗ ಮೇಲೆ ಕೊಂಚ ನೀರು ಚಿಮುಕಿಸಿ, ಉಪ್ಪು ಅಂಟಿಸಿ, ಓವನ್ನಿನಲ್ಲಿ ಐದಾರು ನಿಮಿಷ ಬಿಸಿ ಮಾಡಿ. ಮೈಕ್ರೋವೇವಿಗೆ ಹಾಕಿದರೆ ರಬ್ಬರಾಗುತ್ತದೆ, ಆಮೇಲೆ ನನ್ನನ್ನು ಕೇಳಬೇಡಿ.